ಸಹಾಯ ಬೇಕು: ಬೀದರ್‌ನಿಂದ ಮಸ್ಕತ್‌ಗೆ ಯಾರಾದರೂ ಬರುತ್ತಿದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಬೀದರ್. ಮಸ್ಕತ್‌ನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಇಲ್ಲಿ ಶುಕ್ರವಾರ, ಶನಿವಾರ ರಜೆ. ರೂವಿಯ ಚರ್ಚ್‌ಗೆ ನಾನು ಹೋಗುವುದೂ ಶುಕ್ರವಾರವೇ. ಭಾನುವಾರ ಊರಲ್ಲಿ 10ಕ್ಕೆ ಚರ್ಚ್ ಗಂಟೆ ಹೊಡೆಯುವಾಗ ಇಲ್ಲಿ ಎಂಟೂವರೆ, ನಾನು ಬೋರ್ಡಿನ ಮುಂದೆ ನಿಂತಿರುತ್ತೇನೆ. ಆಗ ಊರು ಜಾಸ್ತಿ ನೆನಪಾಗುತ್ತದೆ.

ಅವ್ವನ ಹತ್ತಿರ ಅಪ್ಪನ ಕನ್ನಡ ಬೈಬಲ್ ಇದೆ. ರಟ್ಟು ಕಿತ್ತಿದೆ. ಕೀರ್ತನೆಗಳ ಪುಟದ ಅಂಚಲ್ಲಿ ಅಪ್ಪ ಪೆನ್ಸಿಲ್‌ನಲ್ಲಿ ನಮ್ಮೆಲ್ಲರ ಹುಟ್ಟಿದ ದಿನ ಬರೆದಿದ್ದಾರೆ. ಕೊರಿಯರ್‌ಗೆ ಹಾಕಲು ಮನಸ್ಸಿಲ್ಲ. ಕಳೆದುಹೋದರೆ ಮತ್ತೆ ಸಿಗುವುದಿಲ್ಲ ಅಲ್ವಾ? ಕ್ರಿಸ್‌ಮಸ್‌ ಒಳಗೆ ಹೈದರಾಬಾದ್‌ನಿಂದ ವಿಮಾನ ಹತ್ತುವವರು ಯಾರಾದರೂ ಕೈಚೀಲದಲ್ಲಿ ತಂದುಕೊಡುತ್ತೀರಾ? ತಮ್ಮ ನಿಮ್ಮ ಮನೆಗೇ ತಂದು ಕೊಡುತ್ತಾನೆ. ಪುಟ ತಿರುವಿ ನೋಡಿಯೇ ತೆಗೆದುಕೊಳ್ಳಿ. ಇಲ್ಲಿ ಏರ್‌ಪೋರ್ಟಿಗೆ ನಾನೇ ಬರುತ್ತೇನೆ, ಎಷ್ಟು ಹೊತ್ತಾದರೂ ಸರಿ. ದಯವಿಟ್ಟು ಮೆಸೇಜ್ ಮಾಡಿ.