ಅರುಂಧತಿ ತೋರಿಸಿದ ಹಾಗೆ ಹಿಮ ಚಿರತೆ

ಎಲ್ಲರಿಗೂ ನಮಸ್ಕಾರ. ಟೈಪ್ ಮಾಡೋಣ ಅಂತ ಕೂತೆ, ನಾಲ್ಕು ಸಾಲಿಗೇ ಬೆರಳು ಸೋತುಹೋಯ್ತು. ಅದಕ್ಕೆ ಮಾತಾಡಿಬಿಡ್ತೀನಿ. ಉದ್ದ ಆಗುತ್ತೆ, ಕೆಲಸ ಮಾಡ್ಕೊಂಡು ಕೇಳಿಸ್ಕೊಳ್ಳಿ.

ಭಾವ, ಮೊದಲು ನಿಮಗೆ. ನಿನ್ನೆ ನಾನು ಹಾಕಿದ ಲಡಾಖ್ ಫೋಟೋ ಕೆಳಗೆ ನೀವು ಬರೆದಿದ್ದು ನೋಡ್ದೆ. "ಕಲ್ಲು ಚೆನ್ನಾಗಿ ಬಂದಿದೆ, ಚಿರತೆ ಎಲ್ಲಮ್ಮ? ಒಂದೂವರೆ ಲಕ್ಷಕ್ಕೆ ಎಷ್ಟು ಸಲ ಕಬಿನಿಗೆ ಹೋಗಿ ಬರಬಹುದಿತ್ತು" ಅಂತ. ಅದಕ್ಕೆ ಹನ್ನೊಂದು ಜನ ನಗೋ ಮುಖ ಬೇರೆ ಒತ್ತಿದ್ದೀರಿ, ಎಣಿಸಿದ್ದೀನಿ. ಪುಟ್ಟ, ನೀನು ಕಳಿಸಿದ ಪೋಸ್ಟರ್ ಕೂಡ ನೋಡ್ದೆ. ಆರು ದಿನದ ಟೂರು, ಹಿಮ ಚಿರತೆ ಫೋಟೋ ಗ್ಯಾರಂಟಿ, ಮುಂದಿನ ಫೆಬ್ರವರಿಗೆ ಅಪ್ಪನ್ನ ಕರ್ಕೊಂಡು ಹೋಗ್ಲಾ ಅಂತ ಕೇಳಿದ್ದೀಯ. ಚಿಕ್ಕಮ್ಮ ಊಟಕ್ಕೇನು ಮಾಡಿದೆ ಅಂತ ಕೇಳಿದ್ದಾರೆ. ಒಂದೊಂದಾಗಿ ಬರ್ತೀನಿ.

ಗ್ಯಾರಂಟಿ ವಿಷಯ ಕೇಳು ಪುಟ್ಟ. ತಿರುಪತೀಲಿ ದರ್ಶನಕ್ಕೆ ಗ್ಯಾರಂಟಿ ಕೊಡಬಹುದು, ಯಾಕಂದ್ರೆ ದೇವರು ಎದ್ದು ಹೋಗಲ್ಲ. ಇದು ಹೋಗುತ್ತೆ. ಸರ್ಕಾರದೋರು 2019ರಿಂದ 2023ರವರೆಗೆ ಹಿಮ ಚಿರತೆ ಗಣತಿ ಮಾಡಿಸಿದ್ರು, 2024ರ ಜನವರೀಲಿ ಲೆಕ್ಕ ಹೊರಗೆ ಬಂತು. ಇಡೀ ದೇಶಕ್ಕೆ 718, ಅದರಲ್ಲಿ ಲಡಾಖ್ ಒಂದರಲ್ಲೇ 477. ಅದಕ್ಕೇ ಎಲ್ಲರೂ ಅಲ್ಲಿಗೆ ಹೋಗೋದು. ಆದ್ರೆ ಆ ಗಣತಿಗೆ 1,971 ಕಡೆ ಕ್ಯಾಮೆರಾ ಕಟ್ಟಿದ್ರು ಕಣೋ. ಹಗಲು ರಾತ್ರಿ ಕಣ್ಣು ಮುಚ್ಚದೆ ಕೂತಿರೋ ಕ್ಯಾಮೆರಾಗಳು. ಮೈಮೇಲಿನ ಮಚ್ಚೆ ನೋಡಿ ಇದು ಬೇರೆ, ಅದು ಬೇರೆ ಅಂತ ಗುರುತು ಹಿಡಿಯೋಕೆ ಸಿಕ್ಕಿದ್ದು 241 ಪ್ರಾಣಿ ಅಷ್ಟೆ, ಮಿಕ್ಕಿದ್ದು ಅದರ ಮೇಲೆ ಹಾಕಿದ ಅಂದಾಜು. ಹಾಗಿರುವಾಗ ಆರು ದಿನಕ್ಕೆ ಗ್ಯಾರಂಟಿ ಅನ್ನೋನು ಬಾಯಿ ಮಾತಿಗೆ ಹೇಳ್ತಿದ್ದಾನೆ, ಇಲ್ಲಾ ಅಲ್ಲಿ ಹೋದ್ಮೇಲೆ ಆ ಮಾತು ಉಳಿಸ್ಕೊಳ್ಳೋಕೆ ಮಾಡಬಾರದ್ದು ಮಾಡ್ತಾನೆ. ಅದನ್ನ ಕಣ್ಣಾರೆ ನೋಡಿದ್ದೀನಿ, ಆಮೇಲೆ ಹೇಳ್ತೀನಿ.

ಆರು ದಿನ ಅನ್ನೋದೇ ತಪ್ಪು ಲೆಕ್ಕ. ಲೇಹ್ ಇರೋದು 11,500 ಅಡಿ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಗೆ ಹೆಚ್ಚುಕಮ್ಮಿ ಎರಡು ಪಟ್ಟು. ವಿಮಾನದಲ್ಲಿ ಹೋದ್ರೆ ಮೈ ಆ ಎತ್ತರಕ್ಕೆ ಒಗ್ಗೋಕೆ ಎರಡು ದಿನ ಸುಮ್ನೆ ಬಿದ್ಕೋಬೇಕು, ಅದಾದ ಮೇಲೇ ಬೆಟ್ಟ. ನನಗೂ ಹೇಳಿದ್ರು. ನಾನು ಕೇಳಿದ್ನಾ? ಮೊದಲ ದಿನ ಸಂಜೇನೇ ಶಾಂತಿ ಸ್ತೂಪ ನೋಡ್ಕೊಂಡು ಬರ್ತೀನಿ ಅಂತ ಮೆಟ್ಟಲು ಹತ್ತಿದೆ. ರಾತ್ರಿ ತಲೆ ಒಳಗೆ ಯಾರೋ ಒನಕೆ ಹಾಕಿ ಕುಟ್ಟಿದ ಹಾಗೆ. ಹನ್ನೊಂದು ಗಂಟೆಗೆ ವಾಂತಿ. ಭಾವ, ನಿಮಗೆ ಬಿಪಿ ಇದೆ, ನಮ್ಮ ಡಾಕ್ಟರ್ ಹತ್ರ ಕೇಳದೆ ಟಿಕೆಟ್ ಮಾಡಿಸಬೇಡಿ. ಈ ಎತ್ತರದ ತೊಂದರೆಗೆ ಡಯಾಮಾಕ್ಸ್ ಅಂತ ಮಾತ್ರೆ ಇದೆ, ಅದನ್ನೂ ಡಾಕ್ಟರ್ ಹೇಳಿದ್ರೆ ಮಾತ್ರ. ಮಂಜು ಕವಿದ್ರೆ ವಿಮಾನ ಬರಲ್ಲ, ಅದಕ್ಕೆ ಕೈಯಲ್ಲಿ ಒಂದು ದಿನ ಹೆಚ್ಚಿಗೆ ಇರಬೇಕು. ಎಲ್ಲಾ ಕಳೆದ್ರೆ ಆರು ದಿನದಲ್ಲಿ ಚಿರತೆಗೆ ಉಳಿಯೋದು ಎರಡು, ಹೆಚ್ಚಂದ್ರೆ ಮೂರು. ನಾನು ಹೋಗಿದ್ದು ಹತ್ತು ದಿನಕ್ಕೆ. ಹಾಂ, ಇನ್ನೊಂದು, ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಅಲ್ಲಿ ಸತ್ತುಹೋಗುತ್ತೆ, ಪೋಸ್ಟ್‌ಪೇಯ್ಡ್ ಇರಬೇಕು. ನಾನು ನಾಲ್ಕು ದಿನ ಫೋನ್ ಎತ್ತಲಿಲ್ಲ ಅಂತ ಅಕ್ಕ ಸಿಟ್ಟಾಗಿದ್ದಳಲ್ಲ, ಅದು ಇದೇ.

ಚಳಿಗಾಲದಲ್ಲೇ ಯಾಕೆ ಸಾಯೋಕೆ ಹೋಗ್ತೀರಿ ಅಂತ ಅಮ್ಮ ಕೇಳ್ತಿದ್ರು. ಮೇಲೆ ಹಿಮ ಬಿದ್ದಾಗ ಐಬೆಕ್ಸು, ಭರಲ್ಲು, ಅಂದ್ರೆ ಕಾಡುಮೇಕೆ, ಕಾಡುಕುರಿ ಥರದವು, ಮೇವು ಹುಡುಕ್ಕೊಂಡು ಕೆಳಗೆ ಇಳೀತವೆ. ಅವುಗಳ ಹಿಂದೆ ಇದು ಇಳಿಯುತ್ತೆ. ಜನವರಿಯಿಂದ ಮಾರ್ಚ್‌ವರೆಗೆ ಅದಕ್ಕೆ ಜೋಡಿ ಹುಡುಕೋ ಕಾಲ ಬೇರೆ, ಹಾಗಾಗಿ ಓಡಾಟ ಜಾಸ್ತಿ. ಹಿಮದಲ್ಲಿ ಹೆಜ್ಜೆ ಕೂಡ ಕಾಣುತ್ತೆ.

ನಾವಿದ್ದಿದ್ದು ಉಲೇ ಅನ್ನೋ ಊರಲ್ಲಿ, ಲೇಹ್‌ನಿಂದ ಪಶ್ಚಿಮಕ್ಕೆ, ಸಿಂಧೂ ನದಿ ಪಕ್ಕದಲ್ಲೇ ಹೋಗಿ ಆಮೇಲೆ ಮೇಲಕ್ಕೆ ತಿರುಗಬೇಕು. ಊರು ಅಂದ್ರೆ ಕೈಬೆರಳಲ್ಲಿ ಎಣಿಸೋ ಅಷ್ಟು ಮನೆ. 13,000 ಅಡಿ ಹತ್ರ. ನಮ್ಮ ಟ್ರ್ಯಾಕರ್, ಅಂದ್ರೆ ಪ್ರಾಣಿ ಎಲ್ಲಿದೆ ಅಂತ ಹುಡುಕಿ ತೋರಿಸೋರು, ಆ ಕಡೆಯವರೇ, ಚಿಕ್ಕಂದಿನಲ್ಲಿ ಕುರಿ ಕಾಯ್ತಿದ್ದೋರು. ಅಲ್ಲಿ ಅಣ್ಣನಿಗೆ ಆಚೋ ಅಂತಾರೆ, ಮರ್ಯಾದೆಗೆ ಕೊನೇಲಿ "ಲೇ" ಸೇರಿಸ್ಬೇಕು, ಆಚೋಲೇ. ನಮ್ಮಲ್ಲಿ ಲೇ ಅಂದ್ರೆ ಜಗಳಕ್ಕೆ ಬಂದ್ರು ಅಂತ ಅರ್ಥ, ಅಲ್ಲಿ ಅದು ಗೌರವ! ಎರಡು ದಿನ ನನ್ನ ಬಾಯಲ್ಲಿ ಬರ್ಲೇ ಇಲ್ಲ, ಅಷ್ಟು ದೊಡ್ಡ ಮನುಷ್ಯನಿಗೆ ಹೇಗೆ ಲೇ ಅನ್ನೋದು ಅಂತ.

ಬೆಳಗ್ಗೆ ಆರೂವರೆಗೆ ಹೊರಗೆ. ರಾತ್ರಿ ಮೈನಸ್ 20 ಆಗಿರುತ್ತೆ, ಆ ಹೊತ್ತಲ್ಲಿ ಟ್ರೈಪಾಡ್ ಕಂಬೀನ ಬರಿಗೈಯಲ್ಲಿ ಮುಟ್ಟಿದ್ರೆ ಚರ್ಮ ಕಚ್ಕೊಳ್ಳುತ್ತೆ. ಮೂರು ದಿನ ಸಂಜೆವರೆಗೂ ಬೆಟ್ಟ ನೋಡಿದ್ದೇ ನೋಡಿದ್ದು. ಐಬೆಕ್ಸ್ ಬೇಕಾದಷ್ಟು ಸಿಕ್ಕಿದ್ವು, ಕುಡುಗೋಲು ಥರ ಹಿಂದಕ್ಕೆ ಬಾಗಿದ ಕೊಂಬು. ಕೆಂಪು ನರಿ ಒಂದು ನಮ್ಮ ಊಟದ ಡಬ್ಬಿ ಹತ್ರಾನೇ ಬಂದು ಕೂತಿತ್ತು. ದಾರೀಲಿ ನಿಮ್ಮು ಅನ್ನೋ ಊರಿನ ಹತ್ರ ಶಾಪೋ ಕಂಡ್ವು, ಯೂರಿಯಲ್ ಅಂತಾರಲ್ಲ ಆ ಕಾಡುಕುರಿ. ಇವು ಯಾವುದರ ಫೋಟೋಗೂ ನಿಮ್ಮಲ್ಲಿ ಒಬ್ಬರೂ ಒಂದು ಮಾತು ಹೇಳ್ಲಿಲ್ಲ ಬಿಡಿ.

ನಾಲ್ಕನೇ ದಿನ ಬೆಳಗ್ಗೆ. ಹಿಂದಿನ ರಾತ್ರಿ ಹೊಸ ಹಿಮ ಬಿದ್ದಿತ್ತು. ಎದುರು ಬೆಟ್ಟದಲ್ಲಿ ಹದಿನಾಲ್ಕು ಐಬೆಕ್ಸ್ ಮೇಯ್ತಿದ್ವು, ಇದ್ದಕ್ಕಿದ್ದ ಹಾಗೆ ಎಲ್ಲಾ ತಲೆ ಎತ್ತಿ ಒಂದೇ ದಿಕ್ಕಿಗೆ ನಿಂತ್ವು. ನಾವು ಐಬೆಕ್ಸ್ ಫೋಟೋ ಹೊಡೀತಾ ಇದ್ವಿ. ಆಚೋಲೇ ಅವನ್ನ ನೋಡ್ತಾನೇ ಇಲ್ಲ, ಅವು ನೋಡ್ತಿದ್ದ ಕಡೆ ನೋಡ್ತಿದ್ದಾರೆ. ಐದು ನಿಮಿಷ. ಆಮೇಲೆ ಮೆಲ್ಲಗೆ "ಶಾನ್" ಅಂದ್ರು. ಲಡಾಖಿನಲ್ಲಿ ಹಿಮ ಚಿರತೆಗೆ ಅದೇ ಹೆಸರು.

ಎಲ್ಲಿ ಅಂದೆ. ಆ ಕಪ್ಪು ಬಿರುಕು ಇದೆಯಲ್ಲ, ಅಲ್ಲಿಂದ ಬಲಕ್ಕೆ ಮೂರು ಕಲ್ಲು, ಮೇಲೆ ಬಿಳಿ ಪಟ್ಟಿ, ಪಟ್ಟಿ ಮುಗಿಯೋ ಕಡೆ ಅಂದ್ರು. ಬಿರುಕು ನೂರಿದೆ, ಕಲ್ಲು ಕೋಟಿ ಇದೆ. ಪಕ್ಕದಲ್ಲಿದ್ದ ಪುಣೆಯವರು "ಓಹ್" ಅಂದ್ರು, ಅವರ ಹೆಂಡತಿ "ಓಹೋ" ಅಂದ್ರು. ನಾನೂ ಕಾಣಿಸ್ತು ಕಾಣಿಸ್ತು ಅಂದುಬಿಟ್ಟೆ. ನಮ್ಮ ಮದುವೆಗಳಲ್ಲಿ ಪುರೋಹಿತರು ಮಟಮಟ ಮಧ್ಯಾಹ್ನ ಹೊರಗೆ ಕರ್ಕೊಂಡು ಬಂದು ಅರುಂಧತಿ ನಕ್ಷತ್ರ ತೋರಿಸ್ತಾರಲ್ಲ, ಕಾಣಿಸ್ತಾ ಅಂದ ತಕ್ಷಣ ಹೂಂ ಅಂತೀವಲ್ಲ, ಥೇಟ್ ಹಾಗೇ. ಪುರೋಹಿತರು ಅಲ್ಲಿಗೆ ಬಿಡ್ತಾರೆ. ಆಚೋಲೇ ಬಿಡ್ಲಿಲ್ಲ. "ತಲೆ ಯಾವ ಕಡೆ ಇದೆ?" ಅಂತ ಕೇಳಿದ್ರು.

ಸಿಕ್ಕಾಕ್ಕೊಂಡೆ. ಎಡಕ್ಕೆ ಅಂದೆ. ಅವರು ನಗ್ಲಿಲ್ಲ, ಬೈಲಿಲ್ಲ. ಕಾಲಿನ ಮೇಲೆ ನಿಲ್ಲಿಸಿರೋ ದೊಡ್ಡ ದುರ್ಬೀನು, ಸ್ಪಾಟಿಂಗ್ ಸ್ಕೋಪ್ ಅಂತಾರೆ, ಅದನ್ನ ನನ್ನ ಕಡೆ ತಿರುಗಿಸಿ, ನನ್ನ ಎತ್ತರಕ್ಕೆ ಇಳಿಸಿ, ನೋಡಿ ಅಂದ್ರು.

ಮೊದಲು ಕಂಡಿದ್ದು ಬಾಲ. ಅಷ್ಟು ದಪ್ಪ ಬಾಲ ಭಾವ, ಸುಮಾರು ಮೈಯಷ್ಟೇ ಉದ್ದ, ಅದನ್ನ ಸುತ್ತಿ ಮೂಗಿನ ಮೇಲೆ ಮಫ್ಲರ್ ಥರ ಹಾಕ್ಕೊಂಡು ಮಲಗಿತ್ತು. ಬಣ್ಣ ಬೂದಿ ಅಂತ ಎಲ್ಲರೂ ಹೇಳ್ತಾರೆ, ಬರೀ ಬೂದಿ ಅಲ್ಲ, ವಿಭೂತಿಗೆ ಒಂದು ಚಿಟಿಕೆ ಅರಿಶಿನ ಬಿದ್ದಿದ್ರೆ ಹೇಗಿರುತ್ತೆ ಹಾಗೆ. ಪಕ್ಕದ ಕಲ್ಲಿಗೂ ಅದೇ ಬಣ್ಣ, ಅದೇ ಕಪ್ಪು ಕಲೆ. ಹಾಗೇ ನೋಡ್ತಿದ್ದೆ, ಬಾಯಿ ಅಗಲಿಸಿ ಆಕಳಿಸಿತು. ನಾಲಿಗೆ ತಿಳಿ ಗುಲಾಬಿ. ಇಡೀ ಬೆಟ್ಟದಲ್ಲಿ ಬಣ್ಣ ಅಂತ ಇದ್ದಿದ್ದು ಅದೊಂದೇ. ಒಂದು ಸಲ ಕಣ್ಣು ತೆಗೆದು ಬರಿಗಣ್ಣಲ್ಲಿ ಹುಡುಕಿದೆ. ಎಲ್ಲಿದೆ ಅಂತ ಗೊತ್ತಿದ್ದೂ ಸಿಗ್ಲಿಲ್ಲ!

ನಾವು ನಿಂತಿದ್ದ ಕಡೆಯಿಂದ ಏಳುನೂರು ಮೀಟರ್ ಇತ್ತು. ಅದಕ್ಕೇ ಫೋಟೋದಲ್ಲಿ ಎಳ್ಳಿನ ಕಾಳಷ್ಟು ಕಾಣೋದು. ಬೆಂಗಳೂರಲ್ಲಿ ಬಾಡಿಗೆಗೆ ತಗೊಂಡು ಹೋದ 600 ಎಂಎಂ ಲೆನ್ಸೂ ಸೋತುಹೋಯ್ತು ಅಲ್ಲಿ. ಹತ್ತು ಗಂಟೆ ಮೇಲೆ ಬಿಸಿಲಿಗೆ ನೆಲ ಕಾದು ಗಾಳಿ ಬೇರೆ ನಡುಗುತ್ತೆ, ದೋಸೆ ಹೆಂಚಿನ ಮೇಲೆ ಕಾಣುತ್ತಲ್ಲ ಹಾಗೆ, ಆಮೇಲೆ ಎಷ್ಟು ದುಡ್ಡಿನ ಲೆನ್ಸ್ ಇದ್ರೂ ಮಬ್ಬೇ.

ಪುಟ್ಟ, ಕ್ಯಾಮೆರಾ ವಿಷಯ ಹೇಳಿಬಿಡ್ತೀನಿ. ಬ್ಯಾಟರಿ ಚಳಿಗೆ ಬೇಗ ಇಳಿಯುತ್ತೆ, ಮೂರು ಇಟ್ಕೋ, ಸ್ವೆಟರ್ ಒಳಗೆ ಮೈಗೆ ತಾಗೋ ಹಾಗೆ. ಬರೀ ಹಿಮ ಇದ್ದಾಗ ಕ್ಯಾಮೆರಾ ಮೋಸ ಹೋಗಿ ಎಲ್ಲಾ ಕತ್ತಲೆ ಮಾಡುತ್ತೆ, ಎಕ್ಸ್‌ಪೋಶರ್ ಅಂದ್ರೆ ಬೆಳಕು, ಒಂದು ಸ್ಟಾಪ್ ಹೆಚ್ಚಿಗೆ ಇಡು. ಮತ್ತೆ ಹೊರಗಿಂದ ಬಂದು ಕ್ಯಾಮೆರಾನ ಹಾಗೇ ಬಿಸಿ ಕೋಣೆಗೆ ತರಬೇಡ, ಹೊರಗೇ ಬ್ಯಾಗಿಗೆ ಹಾಕಿ, ಜಿಪ್ ಎಳೆದು, ಆಮೇಲೆ ತಾ, ಒಂದೆರಡು ಗಂಟೆ ತೆಗೀಬೇಡ. ನಾನು ಮೂರನೇ ದಿನ ಫೋಟೋ ತೋರಿಸೋ ಉತ್ಸಾಹಕ್ಕೆ ಸೀದಾ ಬುಖಾರಿ, ಅಂದ್ರೆ ಕೋಣೆ ಕಾಯಿಸೋ ಒಲೆ, ಅದರ ಮುಂದೆ ಹಿಡಿದೆ. ಲೆನ್ಸ್ ಪೂರಾ ನೀರು, ಇಡ್ಲಿ ಪಾತ್ರೆ ಮುಚ್ಚಳದ ಹಾಗೆ.

ಒಂದ್ನಿಮಿಷ, ಹಾಲು ಉಕ್ಕೋ ಹಾಗಿದೆ... ಹಾಂ, ಆಯ್ತು.

ಈಗ ಒಂದೂವರೆ ಲಕ್ಷದ ಮಾತು. ವಿಮಾನ, ಲೆನ್ಸ್ ಬಾಡಿಗೆ ಎಲ್ಲಾ ಸೇರಿ ಅಷ್ಟಾಯ್ತು, ನಿಜ. ಭಾವ, ಅದು ಚಿರತೆಗೆ ಕೊಟ್ಟ ದುಡ್ಡಲ್ಲ, ಆಚೋಲೇ ಕಣ್ಣಿಗೆ ಕೊಟ್ಟಿದ್ದು. ನಾವಿದ್ದ ಮನೆ ಅಜ್ಜಿ, ಅಮಾಲೇ ಅಂತ ಕರೀತಿದ್ವಿ, ಒಂದು ರಾತ್ರಿ ಹೇಳಿದ್ರು. ಹಿಂದೆ ಒಂದು ಸಲ ಶಾನ್ ಕುರಿದೊಡ್ಡಿ ಮಾಡಿನ ಕಿಂಡಿಯಿಂದ ಒಳಗೆ ಇಳಿದುಬಿಡ್ತಂತೆ. ಕುರಿ ಗಾಬರಿಯಾಗಿ ಒಳಗೇ ಸುತ್ತಾಡ್ತವೆ, ಇದು ಕೊಲ್ತಾನೇ ಹೋಗುತ್ತೆ. ಬೆಳಗಾಗೋದ್ರೊಳಗೆ ಹನ್ನೊಂದು. ಒಂದನ್ನೂ ಪೂರ್ತಿ ತಿಂದಿರ್ಲಿಲ್ಲ. ಅಂಥ ಬೆಳಗ್ಗೆ ಊರೋರು ಕಲ್ಲು ದೊಣ್ಣೆ ತಗೊಂಡ್ರೆ ತಪ್ಪು ಅನ್ನೋಕಾಗುತ್ತಾ ಹೇಳಿ. ಈಗ ಆ ಕಿಂಡಿಗೆ ಕಬ್ಬಿಣದ ಜಾಲರಿ ಬಿದ್ದಿದೆ, ಮೇಲಿನ ಕೋಣೇಲಿ ನಮ್ಮಂಥೋರು ದುಡ್ಡು ಕೊಟ್ಟು ಮಲಗ್ತೀವಿ. ಅದೇ ಪ್ರಾಣಿ ಹೆಸರಲ್ಲಿ ಚಳಿಗಾಲಕ್ಕೆ ಮನೆಗೆ ನಾಲ್ಕು ಕಾಸು ಬರುತ್ತೆ. ನಮ್ಮ ಮೈಸೂರಲ್ಲೇ ಕಚೇರಿ ಇರೋ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನೋರು ಹಿಮಾಚಲದ ಸ್ಪಿತಿಯ ಕಿಬ್ಬರ್ ಕಡೆ ಊರೋರ ಜೊತೆ ಸೇರಿ ಜಾನುವಾರು ವಿಮೆ ಮಾಡಿದ್ದಾರೆ. ಊರೋರೇ ಕಂತು ಕಟ್ಟಿ, ಚಿರತೆ, ತೋಳಕ್ಕೆ ದನ ಕುರಿ ಹೋದ್ರೆ ಅದರಿಂದ ಪರಿಹಾರ. ಮೈಸೂರಲ್ಲಿ ಇಷ್ಟು ವರ್ಷ ಇದ್ದು ನನಗೆ ಇದು ಲಡಾಖಿಗೆ ಹೋದ್ಮೇಲೆ ಗೊತ್ತಾಗಿದ್ದು.

ಹಾಂ, ಆ ಗ್ಯಾರಂಟಿ ಕಥೆ. ಆರನೇ ದಿನ ಚಿರತೆ ಒಂದು ಐಬೆಕ್ಸ್ ಹೊಡೆದಿತ್ತು. ಒಂದು ಬೇಟೆ ಸಿಕ್ಕಿದ್ರೆ ಮೂರ್ನಾಲ್ಕು ದಿನ ಅದರ ಹತ್ರಾನೇ ಇರುತ್ತೆ, ಹಾಗಾಗಿ ಸುಮ್ನೆ ಕೂತ್ಕೊಳ್ಳಿ, ಅದೇ ಬರುತ್ತೆ ಅಂದ್ರು ಆಚೋಲೇ. ಮಧ್ಯಾಹ್ನ ಇನ್ನೊಂದು ಗುಂಪು ಬಂತು, ಯಾವ ಊರು, ಯಾವ ಕಂಪನಿ ಅಂತ ಹೇಳಲ್ಲ. ಅವರ ಲೀಡರ್ ಗಡಿಯಾರ ನೋಡ್ಕೊಂಡು, ನಾಳೆ ನಮ್ಮ ಫ್ಲೈಟು, ಇನ್ನೊಂದು ಇನ್ನೂರು ಮೀಟರ್ ಹತ್ತಿರ ಹೋಗೋಣ ಅಂತ ಎಲ್ಲರನ್ನೂ ಹತ್ತಿಸಿದ. ಅವರ ಟ್ರ್ಯಾಕರ್ ಹುಡುಗ ಬೇಡ ಬೇಡ ಅಂತಾನೇ ಇದ್ದ. ಚಿರತೆ ತಲೆ ಎತ್ತಿ ಇವರನ್ನ ನೋಡ್ತು, ಎದ್ದು, ಅವಸರ ಏನೂ ಇಲ್ಲದೆ, ಗುಡ್ಡದ ಆಚೆ ಇಳಿದುಹೋಯ್ತು. ಅಷ್ಟು ಚಳೀಲಿ ಅಷ್ಟು ಕಷ್ಟಪಟ್ಟು ಹೊಡೆದ ಊಟ ಬಿಟ್ಟು. ಕತ್ತಲಾಗೋವರೆಗೂ ಕಾದ್ವಿ, ಬರ್ಲಿಲ್ಲ. ಪುಟ್ಟ, ನೀನು ಪೋಸ್ಟರಿನೋರಿಗೆ ಫೋನ್ ಮಾಡಿದಾಗ ಲೆನ್ಸ್, ರೂಮು ಎಲ್ಲಾ ಆಮೇಲೆ ಕೇಳು. ಟ್ರ್ಯಾಕರ್ ಬೇಡ ಅಂದ್ರೆ ಯಾರ ಮಾತು ನಡೆಯುತ್ತೆ ಅಂತ ಮೊದಲು ಕೇಳು.

ಚಿಕ್ಕಮ್ಮ, ಊಟಕ್ಕೆ ತೊಂದರೆ ಆಗ್ಲಿಲ್ಲ. ಅನ್ನ, ಬೇಳೆ ಎಲ್ಲಾ ಕಡೆ ಸಿಗುತ್ತೆ. ಸ್ಕ್ಯೂ ಅಂತ ಮಾಡ್ತಾರೆ, ಗೋಧಿಹಿಟ್ಟನ್ನ ಬೆರಳಲ್ಲಿ ಅದುಮಿ ತರಕಾರಿ ಜೊತೆ ಬೇಯಿಸೋದು, ಮಾಂಸ ಹಾಕ್ಬೇಡಿ ಅಂತ ಮೊದಲೇ ಹೇಳಬೇಕು. ಜವೆಗೋಧಿ ಹುರಿದು ಬೀಸಿದ ಹಿಟ್ಟು ಇದೆ, ಕಣ್ಣು ಮುಚ್ಚಿ ತಿಂದ್ರೆ ನಮ್ಮ ಹುರಿಹಿಟ್ಟೇ. ಗುರ್‌ಗುರ್ ಚಾ ಮಾತ್ರ ಹುಷಾರು, ಉಪ್ಪು ಬೆಣ್ಣೆ ಹಾಕಿರ್ತಾರೆ. ಕಾಫಿ ಅಂತ ಬಾಯಿಗಿಟ್ರೆ ಕೆಟ್ಟಿರಿ, ತಿಳಿಸಾರು ಅಂದ್ಕೊಂಡು ಕುಡಿದ್ರೆ ಇನ್ನೊಂದು ಲೋಟ ಬೇಕು ಅನ್ಸುತ್ತೆ. ನೀವು ಕೊಟ್ಟ ಚಟ್ನಿಪುಡಿ ಅಮಾಲೇಗೆ ಕೊಟ್ಟು ಬಂದೆ. ಬಚ್ಚಲು, ಪಾಯಿಖಾನೆ ವಿಷಯ ಗುಂಪಲ್ಲಿ ಬೇಡ, ಫೋನ್ ಮಾಡಿ.

ಭಾವ, ಕೊನೇದಾಗಿ. ಚಿರತೆ ಸುತ್ತ ಕೆಂಪು ಗೆರೆ ಹಾಕಿ ಕಳಿಸು ಅಂದಿದ್ದೀರಿ. ಹಾಕಲ್ಲ. ಫೋಟೋ ಪೂರ್ತಿ ದೊಡ್ಡದು ಮಾಡಿ. ಕೆಳಗೆ ಎಡಗಡೆ ಉದ್ದಕ್ಕೆ ಕಪ್ಪು ಬಿರುಕಿದೆ. ಅಲ್ಲಿಂದ ಬಲಕ್ಕೆ ಮೂರು ಕಲ್ಲು, ಮೂರನೇದು ಸ್ವಲ್ಪ ಚಪ್ಪಟೆ. ಅದರ ಮೇಲೆ ಹಿಮದ ಪಟ್ಟಿ, ಪಟ್ಟಿ ಮುಗಿಯೋ ಕಡೆ ನಿಧಾನವಾಗಿ ನೋಡಿ. ಕಂಡ್ರೆ ತಲೆ ಯಾವ ಕಡೆ ಇದೆ ಅಂತ ಇಲ್ಲೇ ಬರೀರಿ. ಬಲಕ್ಕೋ ಎಡಕ್ಕೋ ಅಂತ ನನ್ನ ಮಾತಿಂದ ಕಾಪಿ ಹೊಡೀಬೇಡಿ, ಫೋಟೋ ಹೊಡೆಯೋ ಹೊತ್ತಿಗೆ ಅದು ಎದ್ದು ಮಗ್ಗುಲು ಬದಲಾಯಿಸಿತ್ತು.