ಸಹಾಯ ಬೇಕು: ಮೇದೋಜೀರಕ ಗ್ರಂಥಿಯ ಸ್ಲೈಡ್ ಯಾರ ಹತ್ತಿರ ಇದೆ?

ಎಲ್ಲರಿಗೂ ನಮಸ್ಕಾರ. ಗೋಣಿಕೊಪ್ಪದಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಮುಂದಿನ ವಾರ ಜೀವಕೋಶದಲ್ಲಿ ಸತುವಿನ ಕೆಲಸದ ಬಗ್ಗೆ ಪಾಠ. ಸತು ಅಂದರೆ ಇಲ್ಲಿನ ಮಕ್ಕಳಿಗೆ ಕಾಫಿ ಗಿಡಕ್ಕೆ ಹೊಡೆಯುವ ಝಿಂಕ್ ಸಲ್ಫೇಟ್ ಅಷ್ಟೇ!

ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶದೊಳಗೆ ಅದನ್ನು ತುಂಬಿದ ಪುಟ್ಟ ಚೀಲಗಳಿವೆ. ಅವುಗಳೊಳಗೆ ಸತು ಸಾಗಿಸುವುದು ಝಡ್‌ಎನ್‌ಟಿ8 ಎಂಬ ಪ್ರೋಟೀನು. 6 ಇನ್ಸುಲಿನ್, 2 ಸತುವಿನ ಅಯಾನು ಸೇರಿ ಒಂದು ಗಂಟು. ಹೀಗಾಗಿ ಸ್ವಲ್ಪ ಜಾಗದಲ್ಲೇ ಜಾಸ್ತಿ ಇನ್ಸುಲಿನ್ ಹಿಡಿಯುತ್ತದೆ. ರಕ್ತಕ್ಕೆ ಸೇರಿದ ಮೇಲೆ ಗಂಟು ಬಿಚ್ಚಿ, ಒಂಟಿ ಇನ್ಸುಲಿನ್ ಕೆಲಸ ಮಾಡುತ್ತದೆ. ಇದನ್ನು ತೋರಿಸಲು ರಟ್ಟಿನ ಮೇಲೆ 2 ಕರಿಮೆಣಸಿನ ಸುತ್ತ 6 ಕಾಫಿ ಬೀಜ ಅಂಟಿಸಿದೆ. ಈ ಮಳೆಗೆ ಗೋಂದು ಒಣಗಬೇಕಲ್ಲ! ಬೆಳಿಗ್ಗೆ ನೋಡಿದರೆ ಎಲ್ಲಾ ಒಂದು ಮೂಲೆಗೆ ಜಾರಿತ್ತು.

ಹಾಗಾಗಿ ನಿಜವಾದ ಸ್ಲೈಡನ್ನೇ ತೋರಿಸೋಣ ಅಂತ. ನಮ್ಮ ಲ್ಯಾಬಿನದ್ದು ಒಡೆದಿದೆ. ಎರಡು ದಿನಕ್ಕೆ ಸಾಕು. ಮಡಿಕೇರಿ, ವಿರಾಜಪೇಟೆ ಆದರೆ ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.

ಇನ್ನೊಂದು. ಮೆಟಲೋಥಯೋನಿನ್ ಪ್ರೋಟೀನಿನ ಒಂದು ಅಣು 7 ಸತುವಿನ ಅಯಾನು ಹಿಡಿದಿಟ್ಟು, ಬೇಕಾದಾಗ ಬಿಟ್ಟುಕೊಡುತ್ತದೆ ಅಲ್ವಾ? ನಾನು ಭತ್ತದ ಕಣಜ ಅಂತ ಹೇಳುತ್ತಿದ್ದೆ. ಈಗಿನ ಮಕ್ಕಳು ಕಣಜವನ್ನೇ ನೋಡಿಲ್ಲ. ಬೇರೆ ಹೋಲಿಕೆ ಇದ್ದರೆ ಹೇಳಿ.