ಎಂಟು ವರ್ಷ ನಿಂತ ಯೆಜ್ಡಿ: ಮನೆಯಲ್ಲೇ ಸ್ಟಾರ್ಟ್ ಮಾಡಬಹುದಾ?

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ):
ಅಣ್ಣಾ, ನಮಸ್ಕಾರ. ನಮ್ಮ ಅಪ್ಪನದು ಯೆಜ್ಡಿ 250 ಬೈಕ್ ಇದೆ, 1982ರ ಗಾಡಿ. ಅಪ್ಪನಿಗೆ ಮಂಡಿ ನೋವು ಶುರುವಾದ ಮೇಲೆ ಓಡಿಸುವುದು ಬಿಟ್ಟರು. ಎಂಟು ಮಳೆಗಾಲ ಸೌದೆ ಕೊಟ್ಟಿಗೆಯಲ್ಲೇ ಕಳೆದಿದೆ. ಈಗ ಕಿಕ್ ಹೊಡೆದರೆ ಅರ್ಧಕ್ಕೆ ನಿಂತುಬಿಡುತ್ತದೆ, ಕೆಳಗೆ ಹೋಗುವುದೇ ಇಲ್ಲ. ಮೈಭಾರ ಹಾಕಿ ಜೋರಾಗಿ ತುಳಿದರೆ ಬಿಡಬಹುದು ಅನಿಸುತ್ತದೆ. ಸ್ಪ್ಯಾನರ್ ಸೆಟ್, ಸ್ಕ್ರೂಡ್ರೈವರ್ ಮನೆಯಲ್ಲಿದೆ. ಗ್ಯಾರೇಜಿಗೆ ಹಾಕದೆ ನಾನೇ ಮಾಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ?

ಉತ್ತರ (ಮೆಕ್ಯಾನಿಕ್, ಮೈಸೂರು):
ತಮ್ಮಾ, ಮೊದಲು ಆ ಕಿಕ್ಕರ್ ಮುಟ್ಟಬೇಡಿ. ಮೈಭಾರ ಹಾಕುವುದಂತೂ ಬೇಡವೇ ಬೇಡ. ನಾನು ಕೆಲಸ ಕಲಿಯುವ ಕಾಲದಲ್ಲಿ ಹೀಗೇ ಜಾಮ್ ಆದ ಗಾಡಿಯೊಂದನ್ನು ಅವಸರದಲ್ಲಿ ತುಳಿದು ಬಿಡಿಸಿದ್ದೆ. ತುಕ್ಕು ಹಿಡಿದ ಬ್ಲಾಕಿನ (ಪಿಸ್ಟನ್ ಓಡಾಡುವ ಸಿಲಿಂಡರಿನ) ಒಳಗೆ ಪಿಸ್ಟನ್ ರಿಂಗ್ ಮುರಿದು, ಒಳಗೋಡೆಯಲ್ಲಿ ಉದ್ದಕ್ಕೆ ಗೀರು ಬಿತ್ತು. ಒಂದು ಪ್ಲಗ್ ಬಿಚ್ಚಿ ಆಯಿಲ್ ಬಿಟ್ಟಿದ್ದರೆ ಮುಗಿಯುವ ಕೆಲಸ ಬ್ಲಾಕಿನ ಒಳಗೋಡೆ ಕೊರೆದು ಸರಿಮಾಡುವ ಬೋರಿಂಗ್‌ವರೆಗೆ ಹೋಯಿತು.

ನೀವು ಹೀಗೆ ಮಾಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ. ಬಿಚ್ಚುವ ಮೊದಲು ಸುತ್ತಲಿನ ಮಣ್ಣು ಊದಿ ತೆಗೆಯಿರಿ, ಅದು ಒಳಗೆ ಬೀಳಬಾರದು. ಡೀಸೆಲ್ಲಿಗೆ ಅಷ್ಟೇ ಎಂಜಿನ್ ಆಯಿಲ್ ಬೆರೆಸಿ, ಪ್ಲಗ್ ತೂತಿನಿಂದ ಎರಡು ಮೂರು ಚಮಚ ಬಿಡಿ. ಒಂದು ರಾತ್ರಿ ಸುಮ್ನೆ ಬಿಟ್ಟುಬಿಡಿ. ಎರಡು ರಾತ್ರಿಯಾದರೆ ಇನ್ನೂ ಒಳ್ಳೆಯದು. ಆಮೇಲೆ ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲಿ ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಒಂದೇ ದಿಕ್ಕಿಗೆ ಒತ್ತಬೇಡಿ. ತೊಟ್ಟಿಲು ತೂಗುವ ಹಾಗೆ ಇರಲಿ. ಪಿಸ್ಟನ್ ಒಂದು ಕೂದಲೆಳೆ ಸರಿದರೂ ಕೈಗೆ ಗೊತ್ತಾಗುತ್ತದೆ. ಆಗ ಇನ್ನೊಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಲ್ಲಾಡಿಸಿ. ಬಿಟ್ಟುಕೊಂಡ ಮೇಲೆ ಬರೆಯಿರಿ, ಮುಂದಿನದು ಹೇಳುತ್ತೇನೆ.

ಅದರ ಮಧ್ಯೆ ಟ್ಯಾಂಕ್ ಇಳಿಸಿ. ಹಳೇ ಪೆಟ್ರೋಲ್ ಪೂರ್ತಿ ಚೆಲ್ಲಬೇಕು. ಟು ಸ್ಟ್ರೋಕ್ ಗಾಡಿಯ ಪೆಟ್ರೋಲಿನಲ್ಲಿ ಆಯಿಲ್ ಬೆರೆತಿರುತ್ತದೆ ಅಲ್ವಾ, ಪೆಟ್ರೋಲ್ ಆರಿ ಹೋದ ಮೇಲೆ ಅದು ಹಲಸಿನ ಮೇಣದ ಹಾಗೆ ಅಂಟಿಕೊಂಡಿರುತ್ತದೆ. ಒಳಗೆ ತುಕ್ಕಿದ್ದರೆ ಸಣ್ಣ ಜಲ್ಲಿ, ವಿನೆಗರ್ ಹಾಕಿ ಚೆನ್ನಾಗಿ ಕುಲುಕಿ, ಒಂದು ದಿನ ಇಡಿ. ಮತ್ತೆ ಕುಲುಕಿ, ಜಲ್ಲಿ ಎಲ್ಲ ಹೊರಗೆ ಬಂತಾ ನೋಡಿ. ಆಮೇಲೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು ಬಿಸಿಲಲ್ಲಿ ಒಣಗಿಸಿ. ಒಣಗಿದ ತಕ್ಷಣ ಒಂದಿಷ್ಟು ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಿ ತಿರುಗಿಸಿ. ಇಲ್ಲದಿದ್ದರೆ ನಿಮ್ಮ ಮಲೆನಾಡಿನ ಗಾಳಿಗೆ ರಾತ್ರಿ ಕಳೆಯುವಷ್ಟರಲ್ಲಿ ಮತ್ತೆ ತುಕ್ಕು ಬಂದಿರುತ್ತದೆ.

ಪ್ರಶ್ನೆ:
ಅಣ್ಣಾ, ಮೂರನೇ ದಿನ ಪಿಸ್ಟನ್ ಬಿಟ್ಟಿತು! ಈಗ ಕಿಕ್ ಸಲೀಸಾಗಿ ಹೋಗುತ್ತದೆ. ಟ್ಯಾಂಕೂ ತೊಳೆದೆ. ಹೊಸ 6 ವೋಲ್ಟ್ ಬ್ಯಾಟರಿ ತಂದು ಹಾಕಿದೆ. ಹೊಸ ಪ್ಲಗ್ಗೂ ಹಾಕಿದೆ. ಆದರೆ ಕಿಡಿಯೇ ಬರುತ್ತಿಲ್ಲ. ಅಂಗಡಿಯವರು ಕಾಯಿಲ್ ಹೋಗಿದೆ, ಬದಲಿಸಿ ಅಂದರು.

ಉತ್ತರ:
ಭೇಷ್! ಬ್ಯಾಟರಿ ಕರೆಂಟನ್ನು ಕಿಡಿ ಹಾರುವಷ್ಟು ಏರಿಸುವ ಕಾಯಿಲ್ ಆಮೇಲೆ ನೋಡೋಣ. ನಿಂತ ಗಾಡಿಯಲ್ಲಿ ಮೊದಲು ನೋಡಬೇಕಾದ್ದು ಪಾಯಿಂಟ್, ಅಂದರೆ ಕಾಯಿಲಿನ ಕರೆಂಟನ್ನು ತೆರೆದು ಮುಚ್ಚಿ ಕಿಡಿ ಬರಿಸುವ ಸಣ್ಣ ಸ್ವಿಚ್.

ಎಂಜಿನ್ನಿನ ಬಲಗಡೆ ಕವರ್ ಬಿಚ್ಚಿದರೆ ಡೈನಮೋ ಕಾಣುತ್ತದೆ. ಅಲ್ಲೇ ಪಾಯಿಂಟ್ ಸೆಟ್ ಇದೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ, ಯಾವ ವೈರ್ ಎಲ್ಲಿತ್ತು ಅಂತ ಆಮೇಲೆ ಒದ್ದಾಡುವುದು ಬೇಡ. ಎಂಟು ವರ್ಷ ಗಾಳಿಗೆ ನಿಂತ ಪಾಯಿಂಟಿನ ಮುಖಕ್ಕೆ ಬೂದಿ ಬಣ್ಣದ ಪದರ ಕೂತಿರುತ್ತದೆ. ಅದರಲ್ಲಿ ಕರೆಂಟ್ ದಾಟುವುದಿಲ್ಲ. ಜೀರೋ ನಂಬರ್ ಎಮರಿ ಪೇಪರ್ ನಡುವೆ ಇಟ್ಟು ಮೂರು ನಾಲ್ಕು ಸಲ ಎಳೆಯಿರಿ, ಸಾಕು. ಆಮೇಲೆ ಪೆಟ್ರೋಲ್ ತಾಗಿಸಿದ ಬಿಳಿ ಕಾಗದ ಇಟ್ಟು ಎಳೆಯಿರಿ. ಕಾಗದ ಚೊಕ್ಕವಾಗಿ ಬರುವವರೆಗೂ ಮಾಡಿ.

ನಂತರ ಗ್ಯಾಪ್, ಅಂದರೆ ಪಾಯಿಂಟಿನ ಎರಡು ಮುಖಗಳ ನಡುವಿನ ಸಂದಿ. ಮ್ಯಾಗ್ನೆಟ್ ಇಲ್ಲದ ಗಾಡಿ ಇದು, ಬ್ಯಾಟರಿ ಮತ್ತು ಕಾಯಿಲ್ ಮೇಲೆ ಕಿಡಿ ನಿಂತಿದೆ. ಗ್ಯಾಪ್ ತಪ್ಪಿದರೆ ಕಿಡಿ ಹಾರುವ ಟೈಮಿಂಗೂ ತಪ್ಪುತ್ತದೆ. ಪಾಯಿಂಟ್ ಪೂರ್ತಿ ತೆರೆದಾಗ 0.4 ಮಿಲಿಮೀಟರ್ ಇರಲಿ. ಸಂದಿ ಅಳೆಯುವ ತೆಳು ಪಟ್ಟಿಗಳ ಒಂದು ಫೀಲರ್ ಗೇಜ್ ಕೊಂಡುಬಿಡಿ, ದುಬಾರಿ ಸಾಮಾನಲ್ಲ, ಜೀವನಪೂರ್ತಿ ಬರುತ್ತದೆ. ಪ್ಲಗ್ಗಿನ ಗ್ಯಾಪ್ 0.6 ಇಡಿ.

ಕಿಡಿ ನೋಡುವಾಗ ಪ್ಲಗ್ಗನ್ನು ಹೆಡ್ಡಿನ ಲೋಹಕ್ಕೆ ಒತ್ತಿ ಹಿಡಿಯಬೇಕು. ಆದರೆ ಪ್ಲಗ್ ತೂತಿನಿಂದ ದೂರ ಇರಲಿ, ಅಲ್ಲಿಂದ ಪೆಟ್ರೋಲ್ ಹಬೆ ಬರುತ್ತಿರುತ್ತದೆ. ನೀಲಿ ಕಿಡಿ ಚಟ್ ಅಂತ ಬಂದರೆ ಸರಿ. ಪಾಯಿಂಟಿನ ಮಧ್ಯೆಯೇ ಜಾಸ್ತಿ ಕಿಡಿ ಹಾರುತ್ತಿದ್ದು ಪ್ಲಗ್ಗಿನಲ್ಲಿ ಕೆಂಪಗೆ ಸಣ್ಣಗೆ ಬಂದರೆ ಕಂಡೆನ್ಸರ್ (ಪಾಯಿಂಟಿನಲ್ಲಿ ಕಿಡಿ ಹಾರದಂತೆ ತಡೆಯುವ ಸಾಮಾನು) ಹೋಗಿದೆ ಅಂತ ಲೆಕ್ಕ. ಗಾಡಿ ತಣ್ಣಗಿದ್ದಾಗ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ನಿಂತುಹೋದರೂ ಮೊದಲ ಅನುಮಾನ ಅದರ ಮೇಲೇ.

ಕಾರ್ಬೊರೇಟರ್ ಬಿಚ್ಚಿದಾಗ ಪೆಟ್ರೋಲ್ ಅಳೆದು ಬಿಡುವ ಜೆಟ್ಟಿನ ತೂತಿಗೆ ಸೂಜಿ, ಪಿನ್ನು ಹಾಕಬೇಡಿ. ಹಿತ್ತಾಳೆ ಮೆತ್ತಗಿರುತ್ತದೆ, ತೂತು ದೊಡ್ಡದಾದರೆ ಮತ್ತೆ ಸಣ್ಣದು ಮಾಡಲು ಆಗುವುದಿಲ್ಲ. ವೈರಿನ ಒಂದು ತಾಮ್ರದ ಎಳೆ ಸಾಕು. ಒಳಗೆ ಪೆಟ್ರೋಲ್ ಮೇಲೆ ತೇಲುವ ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ. ಒಳಗೆ ಪೆಟ್ರೋಲ್ ಸದ್ದು ಬಂದರೆ ಅದು ತೂತಾಗಿದೆ, ಮುಳುಗುತ್ತದೆ, ಕಾರ್ಬೊರೇಟರ್ ಉಕ್ಕುತ್ತದೆ. ಪೆಟ್ರೋಲ್ ಪೈಪನ್ನು ನೋಡದೆಯೇ ಬದಲಿಸಿ. ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್‌ವರೆಗೆ ಎಥೆನಾಲ್ ಇರುತ್ತದೆ, ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ. ಅದು ಗಾಳಿಯ ತೇವವನ್ನೂ ಹೀರುತ್ತದೆ, ಹಾಗಾಗಿ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಡಬೇಡಿ.

ಮಧ್ಯೆ ಒಂದು ಪ್ರಶ್ನೆ (ಹುಬ್ಬಳ್ಳಿಯಿಂದ):
ಅಣ್ಣಾರ, ನಮ್ಮ ಮನೆಯವರ ಹತ್ತಿರಾನೂ ಯೆಜ್ಡಿ ಐತ್ರಿ. ಲೀಟರಿಗೆ ಎಷ್ಟು ಆಯಿಲ್ ಹಾಕಬೇಕ್ರಿ? ಅವರು ಎಂಜಿನ್ನಿಗೆ ಒಳ್ಳೇದು ಅಂತ ಕೈಗೆ ಬಂದಷ್ಟು ಸುರೀತಾರ.

ಉತ್ತರ:
ಅಕ್ಕಾ, ಲೀಟರಿಗೆ 40 ಎಂಎಲ್ ಟು ಟಿ (ಟು ಸ್ಟ್ರೋಕ್) ಆಯಿಲ್ ನಾನು ಹಾಕಿಸುವ ಅಳತೆ. ಅಳೆದೇ ಹಾಕಿಸಿ. ಆಯಿಲ್ ಕಡಿಮೆಯಾದರೆ ಪಿಸ್ಟನ್ ಸೀಜ್ ಆಗುತ್ತದೆ, ಅಂದರೆ ಹಿಡಿದುಕೊಳ್ಳುತ್ತದೆ, ಅದು ಎಲ್ಲರಿಗೂ ಗೊತ್ತು. ಜಾಸ್ತಿ ಹಾಕಿದರೂ ತೊಂದರೆಯೇ. ಪ್ಲಗ್ ಕಪ್ಪಾಗುತ್ತದೆ, ಸೈಲೆನ್ಸರ್ ಒಳಗೆ ಕಾರ್ಬನ್ ಕಟ್ಟುತ್ತದೆ. ಜೆಟ್ಟಿನಿಂದ ಹೋಗುವುದರಲ್ಲಿ ಆಯಿಲಿನ ಪಾಲು ಹೆಚ್ಚಿದಷ್ಟೂ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ.

ತೀರ್ಥಹಳ್ಳಿಯ ತಮ್ಮನಿಗೂ ಇಲ್ಲೇ ಒಂದು ಮಾತು. ಈ ಎಂಜಿನ್ನಿಗೆ ಆಯಿಲ್ ಬರುವುದೇ ಪೆಟ್ರೋಲಿನ ಜೊತೆ. ಆಗುಂಬೆ ಘಾಟಿ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಉದ್ದಕ್ಕೂ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಆಯಿಲ್ ಮಾತ್ರ ಒಳಗೆ ಸಾಕಷ್ಟು ಹೋಗುತ್ತಿರುವುದಿಲ್ಲ. ಆಗಾಗ ಆಕ್ಸಿಲರೇಟರ್ ಸ್ವಲ್ಪ ತಿರುವುತ್ತಾ ಇಳಿಯಿರಿ. ಎಂಜಿನ್ ಹಿಡಿದ ಹಾಗೆ ಅನಿಸಿದರೆ ಆ ಕ್ಷಣ ಕ್ಲಚ್ ಒತ್ತಬೇಕು. ಇಲ್ಲದಿದ್ದರೆ ಹಿಂದಿನ ಚಕ್ರ ಕಚ್ಚಿಕೊಂಡು ಬೀಳಿಸುತ್ತದೆ. ಬೆರಳು ಕ್ಲಚ್ ಮೇಲೆ ಇರುವ ಅಭ್ಯಾಸ ಮಾಡಿಕೊಳ್ಳಿ.

ಪ್ರಶ್ನೆ (ತೀರ್ಥಹಳ್ಳಿ):
ಅಣ್ಣಾ, ಪಾಯಿಂಟೇ ಆಗಿತ್ತು! ಒರೆಸಿ ಗ್ಯಾಪ್ ಇಟ್ಟ ಮೇಲೆ ನಾಲ್ಕನೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಅಪ್ಪ ಜಗುಲಿಯಿಂದ ಎದ್ದು ಬಂದರು. ಆದರೆ ಎರಡೂ ಸೈಲೆನ್ಸರಿನಲ್ಲಿ ಬಿಳಿ ಹೊಗೆ, ಅಂಗಳ ತುಂಬಿಹೋಯಿತು. ಒಂದು ವಾರ ದಿನಾ ಓಡಿಸಿದೆ, ಹೊಗೆ ಕಡಿಮೆ ಆಗಲಿಲ್ಲ. ಆಯಿಲ್ 40 ಎಂಎಲ್ಲೇ ಹಾಕಿದ್ದೇನೆ.

ಉತ್ತರ:
ಮೊದಲ ಎರಡು ಮೂರು ದಿನದ ಹೊಗೆಗೆ ಹೆದರಬೇಕಿಲ್ಲ. ನಾವು ಸುರಿದ ಡೀಸೆಲ್, ಆಯಿಲ್, ಸೈಲೆನ್ಸರಿನಲ್ಲಿ ಕೂತ ಹಳೇ ಜಿಡ್ಡು ಎಲ್ಲ ಸುಡಬೇಕು. ವಾರವಾದರೂ ಹಾಗೇ ಇದೆ ಅಂದರೆ ಗೇರ್ ಆಯಿಲ್ ಲೆವೆಲ್ ನೋಡಿ. ಗಾಡಿಯನ್ನು ನೆಟ್ಟಗೆ ನಿಲ್ಲಿಸಿ ಲೆವೆಲ್ ಸ್ಕ್ರೂ ಬಿಚ್ಚಿ, ಅಲ್ಲಿಯವರೆಗೆ ಆಯಿಲ್ ತುಂಬಿ. 50 ಕಿಲೋಮೀಟರ್ ಓಡಿಸಿ ಮತ್ತೆ ನೋಡಿ. ಹೊರಗೆ ಎಲ್ಲೂ ಸೋರದೆ ಇಳಿದಿದ್ದರೆ ಆ ಆಯಿಲ್ ಎಂಜಿನ್ನಿನಲ್ಲಿ ಸುಡುತ್ತಿದೆ.

ಯಾಕೆ ಅಂತ ಹೇಳುತ್ತೇನೆ. ಟು ಸ್ಟ್ರೋಕಿನಲ್ಲಿ ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್ ಕೋಣೆಯೂ ಪಂಪಿನ ಹಾಗೆ ಕೆಲಸ ಮಾಡುತ್ತದೆ. ಗಾಳಿ, ಪೆಟ್ರೋಲನ್ನು ಅದು ಎಳೆದುಕೊಂಡು ಮೇಲಕ್ಕೆ ತಳ್ಳುತ್ತದೆ. ಆ ಕೋಣೆಯ ಎರಡೂ ಬದಿಗೆ ಆಯಿಲ್ ಸೀಲ್ ಇವೆ. ಗಾಡಿ ವರ್ಷಗಟ್ಟಲೆ ನಿಂತರೆ ಸೀಲಿನ ತುಟಿ ಒಣಗಿ ಗಟ್ಟಿಯಾಗುತ್ತದೆ. ಎಡಗಡೆ ಕ್ಲಚ್ ಬದಿಯ ಸೀಲ್ ಹೋದರೆ ಗೇರ್ ಆಯಿಲನ್ನು ಒಳಗೆ ಎಳೆದುಕೊಳ್ಳುತ್ತದೆ, ಅದೇ ಈ ಹೊಗೆ. ಬಲಗಡೆ ಡೈನಮೋ ಬದಿಯದು ಹೋದರೆ ಹೊಗೆ ಇರುವುದಿಲ್ಲ, ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಇಳಿಯುವುದಿಲ್ಲ, ತಾನಾಗೇ ಏರುತ್ತದೆ. ಇದು ಹೊಗೆಗಿಂತ ಅಪಾಯ. ಪೆಟ್ರೋಲಿಗಿಂತ ಗಾಳಿ ಜಾಸ್ತಿಯಾಗಿ ಬಿಸಿಯೇರಿ ಪಿಸ್ಟನ್ ಹಿಡಿಯುತ್ತದೆ.

ಪ್ರಶ್ನೆ:
ನೋಡಿದೆ ಅಣ್ಣಾ. 50 ಕಿಲೋಮೀಟರಿಗೆ ಲೆವೆಲ್ ಚೆನ್ನಾಗೇ ಇಳಿದಿದೆ, ಕೆಳಗೆ ಒಂದು ಹನಿ ಸೋರಿಲ್ಲ. ಸೀಲ್ ನಾನೇ ಹಾಕಬಹುದಾ? ಒಬ್ಬರ ಹತ್ತಿರ ಹಳೇ ಕಂಪನಿ ಪ್ಯಾಕ್ ಸೀಲ್ ಇದೆಯಂತೆ, ಒರಿಜಿನಲ್ ಅಂತ ಜಾಸ್ತಿ ದುಡ್ಡು ಕೇಳುತ್ತಿದ್ದಾರೆ.

ಉತ್ತರ:
ಆ ಸೀಲ್ ತೆಗೆದುಕೊಳ್ಳಬೇಡಿ. ಇಲ್ಲಿ ಮೈಸೂರಿನಲ್ಲಿ ಯೆಜ್ಡಿ ಮಾಡುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಪ್ಯಾಕ್ ಒಡೆಯದಿದ್ದರೂ ಆ ರಬ್ಬರಿಗೆ ಅಷ್ಟು ವಯಸ್ಸಾಗಿದೆ. ನಿಮ್ಮ ಗಾಡಿಯಲ್ಲಿ ಗಟ್ಟಿಯಾದ ಹಾಗೆ ಡಬ್ಬಿಯಲ್ಲೂ ಗಟ್ಟಿಯಾಗಿರುತ್ತದೆ. ಹಳೇ ಸ್ಟಾಕಿನ ಗೇರ್, ಲಿವರ್, ಬ್ಲಾಕ್ ಸಿಕ್ಕರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ, ಆ ಲೋಹ ಈಗ ಸಿಗುವುದಿಲ್ಲ. ರಬ್ಬರ್ ಮಾತ್ರ ಹೊಸದೇ ಬೇಕು. ಹಳೇ ಸೀಲಿನ ಮೇಲೆ ಅಳತೆ ಅಚ್ಚಾಗಿರುತ್ತದೆ, ಒಳವ್ಯಾಸ, ಹೊರವ್ಯಾಸ, ದಪ್ಪ. ಅದನ್ನು ತೋರಿಸಿದರೆ ಬೇರಿಂಗ್ ಅಂಗಡಿಯಲ್ಲಿ ಅದೇ ಅಳತೆಯ ಹೊಸ ಸೀಲ್ ಕೊಡುತ್ತಾರೆ.

ಕೆಲಸ ಮಾತ್ರ ಮನೆಯಲ್ಲಿ ಬೇಡ ತಮ್ಮಾ. ಕ್ಲಚ್, ಪ್ರೈಮರಿ ಚೈನ್ ಬಿಚ್ಚಲು ಸರಿಯಾದ ಪುಲ್ಲರ್ (ಎಳೆದು ಬಿಡಿಸುವ ಸಾಧನ) ಬೇಕು. ಸುತ್ತಿಗೆ, ಉಳಿ ಹಿಡಿದು ಬಿಚ್ಚಿದ ಗಾಡಿಗಳು ನನ್ನ ಹತ್ತಿರ ಬಂದಿವೆ. ಕ್ರ್ಯಾಂಕ್ ತುದಿಯ ತಿರುಪಿನ ಸುತ್ತು ಹಾಳಾಗಿರುತ್ತದೆ, ಹೊಟ್ಟೆ ಉರಿಯುತ್ತದೆ ನೋಡಿದರೆ. ಹಳೇ ಟು ಸ್ಟ್ರೋಕ್ ಬಿಚ್ಚಿ ಗೊತ್ತಿರುವವರ ಹತ್ತಿರವೇ ಹೋಗಿ. ಎಡಗಡೆಯದು ಹೋಗಿದ್ದರೂ ಎರಡೂ ಸೀಲ್ ಬದಲಿಸಿ ಅಂತ ಹೇಳಿ, ಎರಡಕ್ಕೂ ಒಂದೇ ವಯಸ್ಸು. ಕ್ರ್ಯಾಂಕ್ ಬೇರಿಂಗ್ ಕೈಯಲ್ಲಿ ಅಲ್ಲಾಡಿಸಿ ತೋರಿಸಲು ಕೇಳಿ. ಆಟ ಇದ್ದರೆ ಹೊಸ ಸೀಲ್ ಕೂಡ ಬಾಳುವುದಿಲ್ಲ. ಬಿಚ್ಚಿದ ಸಾಮಾನು ಒಂದೂ ಬಿಡದೆ ಮನೆಗೆ ತನ್ನಿ.

ಅಲ್ಲಿಯವರೆಗೆ ನೀವು ಮಾಡುವ ಕೆಲಸ ಬೇಕಾದಷ್ಟಿದೆ. ಬ್ರೇಕ್ ಡ್ರಮ್ ಬಿಚ್ಚಿ ನೋಡಿ. ಒಳಗಿನ ಧೂಳನ್ನು ಬಾಯಿಂದ ಊದಬೇಡಿ, ಹಳೇ ಲೈನರಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಿ. ಎಂಟು ವರ್ಷ ಒಂದೇ ಕಡೆ ನಿಂತ ಟಯರ್ ಮೇಲಿನ ಗುಂಡಿ ಸವೆಯದೆ ಇದ್ದರೂ ಬದಲಿಸಿ. ಆರ್‌ಸಿ ತೆಗೆದು ನೋಡಿ, 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಇನ್ಶೂರೆನ್ಸ್ ಇಲ್ಲದೆ ರಸ್ತೆಗೆ ಇಳಿಸಬೇಡಿ.

ತೀರ್ಥಹಳ್ಳಿಯಿಂದ:
ಆಯಿತು ಅಣ್ಣಾ. ಸೀಲ್ ಎರಡೂ ಹೊಸದೇ ತರುತ್ತೇನೆ. ಭಾನುವಾರ ಪಿಕಪ್‌ನಲ್ಲಿ ಹಾಕಿಕೊಂಡು ಶಿವಮೊಗ್ಗಕ್ಕೆ ಹೋಗುತ್ತೇವೆ, ಅಪ್ಪನೂ ಬರುತ್ತಾರಂತೆ. ಬೇರಿಂಗ್ ಅಲ್ಲಾಡಿಸಿ ನೋಡುವುದು ತಾನೇ ಅಂತ ಹೇಳಿದ್ದಾರೆ.

ಉತ್ತರ:
ಕರೆದುಕೊಂಡು ಹೋಗಿ. ಪಿಕಪ್ ಹತ್ತಿಸುವ ಮೊದಲು ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬೊರೇಟರ್ ಖಾಲಿಯಾಗುವವರೆಗೆ ಎಂಜಿನ್ ಓಡಲಿ. ಬ್ಯಾಟರಿ ವೈರ್ ಬಿಚ್ಚಿ. ಅರ್ಥ್ (ಗಾಡಿಯ ಲೋಹಕ್ಕೆ ಹೋಗುವ ವೈರ್) ಬ್ಯಾಟರಿಯ ಯಾವ ಕಡೆಗೆ ಇತ್ತು ಅಂತ ಫೋಟೋ ಇರಲಿ.